ಎಲ್ಲದಕ್ಕೂ ಐಎನ್‌ಜಿ ಅಂಟಿಕೊಳ್ಳುತ್ತಿದೆಯೇ? ಸಿಂಪಲ್ ಪ್ರೆಸೆಂಟ್–ಕಂಟಿನ್ಯುಯಸ್ ದೋಷ ನಿವಾರಣೆ ಕೈಪಿಡಿ

‘ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್. ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್. ಡೈಲಿ ಐ ಆಮ್ ಗೋಯಿಂಗ್ ಟು ಕಾಲೇಜ್ ಬೈ ಬಸ್.’

ಕೋಲಾರ ಜಿಲ್ಲೆಯ ನರಸಾಪುರ, ತುಮಕೂರು ಜಿಲ್ಲೆಯ ವಸಂತನರಸಾಪುರದ ಕಾರ್ಖಾನೆಗಳ ಸಂದರ್ಶನಕ್ಕೆ ಬಾಯಿಪಾಠ ಮಾಡಿದ ಸೆಲ್ಫ್ ಇಂಟ್ರೊಡಕ್ಷನ್‌ನಲ್ಲಿ ಈ ಮೂರು ಸಾಲು ಸಾಮಾನ್ಯ. ಮೂರೂ ಅರ್ಥವಾಗುತ್ತವೆ, ಮೂರರಲ್ಲೂ ದೋಷ ಒಂದೇ: ಕ್ರಿಯಾಪದದ ಕೊನೆಗೆ ಬೇಡದ ಐಎನ್‌ಜಿ (-ing) ಅಂಟಿದೆ. ಹೇಳಿದವರಿಗೆ ನಿಯಮ ಗೊತ್ತಿಲ್ಲ ಎಂದಲ್ಲ. ಕೇಳಿದರೆ ‘ರೂಢಿಗೆ ಸಿಂಪಲ್ (ಐ ಗೋ), ಈಗ ನಡೆಯುವುದಕ್ಕೆ ಕಂಟಿನ್ಯುಯಸ್ (ಐ ಆಮ್ ಗೋಯಿಂಗ್)’ ಎಂದು ಒಪ್ಪಿಸುತ್ತಾರೆ. ಮಾತಾಡುವಾಗ ಮಾತ್ರ ಆ ನಿಯಮ ಕೈಗೆ ಸಿಗುವುದಿಲ್ಲ.

ಕಾರಣ ಇಂಗ್ಲಿಷ್‌ನಲ್ಲಿಲ್ಲ, ಬಾಯಿಗೆ ಬರುವ ಮುಂಚೆ ತಲೆಯಲ್ಲಿ ಓಡುವ ಕನ್ನಡ ವಾಕ್ಯದಲ್ಲಿದೆ. ನಮ್ಮ ‘ಮಾಡ್ತೀನಿ’ ದಿನಾ ಮಾಡುವುದಕ್ಕೂ ಆಗುತ್ತದೆ, ನಾಳೆ ಮಾಡುವುದಕ್ಕೂ ಆಗುತ್ತದೆ. ‘ಮಾಡ್ತಾ ಇದೀನಿ’ ಎನ್ನುವುದು ಈ ಕ್ಷಣಕ್ಕೂ ಸೈ, ಈ ವರ್ಷವೆಲ್ಲ ನಡೆಯುವುದಕ್ಕೂ ಸೈ, ಹತ್ತು ವರ್ಷದಿಂದ ನಡೆದುಬಂದದ್ದಕ್ಕೂ ಸೈ. ಇಂಗ್ಲಿಷ್ ಇದೇ ಕೆಲಸಗಳನ್ನು ಬೇರೆ ಥರ ಪಾಲು ಹಾಕಿಕೊಂಡಿದೆ. ‘ಇದೀನಿ’ ಎಂಬ ಬಾಲ ಕಂಡಕೂಡಲೇ ‘ಆಮ್’ ಹಾಕಿ ಐಎನ್‌ಜಿ ಅಂಟಿಸಿದರೆ ಎಲ್ಲ ಕಡೆಯೂ ಸರಿಹೋಗುವುದಿಲ್ಲ. ಹಾಗಾಗಿ ಇಲ್ಲಿನ ಪರೀಕ್ಷೆಗಳೆಲ್ಲ ಕನ್ನಡ ವಾಕ್ಯದಿಂದಲೇ ಶುರುವಾಗುತ್ತವೆ.

ಮೊದಲು ದೋಷ ಎಲ್ಲಿದೆ ಎಂದು ಗುರುತಿಸಿ

ಬೇಕಾದದ್ದು ಮೊಬೈಲಿನ ರೆಕಾರ್ಡರ್ ಒಂದೇ. ಎರಡು ನಿಮಿಷ ನಿಮ್ಮ ದಿನಚರಿ ಹೇಳಿ: ಎಷ್ಟಕ್ಕೆ ಏಳುತ್ತೀರಿ, ಯಾವ ಬಸ್ಸು, ಸಂಜೆ ಏನು. ಆಮೇಲೆ ಬಸ್ ಸ್ಟ್ಯಾಂಡ್‌ನಲ್ಲೋ ಅಂಗಡಿ ಮುಂದೋ ನಿಂತು, ಕಣ್ಣೆದುರು ಯಾರು ಏನು ಮಾಡುತ್ತಿದ್ದಾರೆಂದು ಇನ್ನೆರಡು ನಿಮಿಷ ಹೇಳಿ. ಬರೆದುಕೊಂಡು ಓದಬೇಡಿ. ಬರೆದರೆ ದೋಷ ಅಡಗಿಕೊಳ್ಳುತ್ತದೆ.

ಮೊದಲ ರೆಕಾರ್ಡಿಂಗ್‌ನಲ್ಲಿ ಐಎನ್‌ಜಿ ಹೆಚ್ಚುಕಮ್ಮಿ ಇರಬಾರದು, ಎರಡನೆಯದರಲ್ಲಿ ಧಾರಾಳವಾಗಿ ಇರಬೇಕು. ಎರಡರಲ್ಲೂ ತುಂಬಿ ತುಳುಕಿದರೆ ‘ದಿನನಿತ್ಯದ ಕೆಲಸಕ್ಕೆಲ್ಲ ಐಎನ್‌ಜಿ’ ಎಂಬಲ್ಲಿಗೆ ಹೋಗಿ. ಎರಡನೆಯದರಲ್ಲಿ ‘ಹಿ ಸೆಲ್, ಶಿ ಸ್ಟ್ಯಾಂಡ್’ ಎಂದೆಲ್ಲ ಕೇಳಿಸಿದರೆ ಮುಂದಿನ ಎರಡು ಭಾಗ ಸಾಕು. ಎರಡೂ ಶುದ್ಧವಾಗಿದ್ದು ಸಂದರ್ಶನದಲ್ಲಿ ಮಾತ್ರ ಕೈಕೊಡುತ್ತದೆ ಎಂದರೆ ವ್ಯಾಕರಣ ಸರಿಯಿದೆ, ಬೇಕಾಗಿರುವುದು ಬಾಯಿಯ ರೂಢಿ.

ವಾಕ್ಯವೇ ಮುರಿದಂತೆ ಕೇಳಿಸುತ್ತದೆ: ‘ಐ ಗೋಯಿಂಗ್’, ‘ಐ ಆಮ್ ಗೋ’, ‘ಡು ಯು ಗೋಯಿಂಗ್?’

ಇದು ಅತಿ ಸುಲಭದ ರಿಪೇರಿ. ಯಾವ ಕಾಲ ಎಂಬ ಪ್ರಶ್ನೆ ಇನ್ನೂ ಎದ್ದೇ ಇಲ್ಲ, ಬಿಡಿಭಾಗ ಕಡಿಮೆಯಾಗಿದೆ ಅಥವಾ ಎರಡು ಗಾಡಿಯ ಭಾಗ ಒಂದಕ್ಕೆ ಕೂಡಿದೆ. ಕಂಟಿನ್ಯುಯಸ್‌ಗೆ ಆಮ್, ಈಸ್, ಆರ್‌ಗಳಲ್ಲಿ ಒಂದು ಮತ್ತು ಐಎನ್‌ಜಿ, ಎರಡೂ ಬೇಕು. ಒಂದೇ ಇದ್ದರೆ ಓಡುವುದಿಲ್ಲ. ಸಿಂಪಲ್‌ನಲ್ಲಿ ಪ್ರಶ್ನೆ ಮತ್ತು ನಿರಾಕರಣೆಗೆ ಡು ಅಥವಾ ಡಸ್ ಬರುತ್ತದೆ. ಹಾಗೆ ಬಂದಾಗ ಐಎನ್‌ಜಿ ಬರುವಂತಿಲ್ಲ: ‘ಡು ಯು ಗೋ’ ಇಲ್ಲವೇ ‘ಆರ್ ಯು ಗೋಯಿಂಗ್’. ‘ದಿ ಶಾಪ್ ಈಸ್ ಕ್ಲೋಸ್ಡ್’ ಥರದ್ದು ಬೇರೆ ರಚನೆ, ಅದನ್ನು ಇಲ್ಲಿ ಕಲಸಬೇಡಿ.

ಪ್ರಶ್ನೆಯಲ್ಲಿ ಜಾಗವನ್ನೂ ನೋಡಿ. ‘ವೇರ್ ಯು ಆರ್ ಗೋಯಿಂಗ್?’ ಎನ್ನುವುದರಲ್ಲಿ ಎಲ್ಲ ಭಾಗ ಇವೆ, ‘ಆರ್’ ಒಂದು ಹೆಜ್ಜೆ ಹಿಂದೆ ಉಳಿದಿದೆ. ‘ವೇರ್ ಆರ್ ಯು ಗೋಯಿಂಗ್?’

ಸ್ಪೆಲಿಂಗ್ ವಿಷಯ ಬರೆಯುವವರಿಗೆ ಮಾತ್ರ. ಮೇಕ್ ಪದದ ಕೊನೆಯ ‘ಇ’ ಬಿಟ್ಟು ಐಎನ್‌ಜಿ ಸೇರಿಸಬೇಕು, ರನ್ ಪದದಲ್ಲಿ ‘ಎನ್’ ಎರಡಾಗುತ್ತದೆ, ಲೈ ಮತ್ತು ಡೈ ಪದಗಳ ಕೊನೆಯ ‘ಐ-ಇ’ ಎರಡೂ ಹೋಗಿ ‘ವೈ’ ಬರುತ್ತದೆ.

ಮನೆಯವರ ಬಗ್ಗೆ ಹೇಳುವಾಗ ಮಾತ್ರ ಎಡವುತ್ತದೆ: ‘ಮೈ ಫಾದರ್ ಗ್ರೋ ಟೊಮ್ಯಾಟೋಸ್’

ಇಲ್ಲಿ ಬಿದ್ದುಹೋಗಿರುವುದು ‘ಎಸ್’. ಹಿ, ಶಿ, ಇಟ್ ಅಥವಾ ಒಬ್ಬ ವ್ಯಕ್ತಿ, ಒಂದು ವಸ್ತು ಇದ್ದಾಗ ಸಿಂಪಲ್ ಪ್ರೆಸೆಂಟ್ ಕ್ರಿಯಾಪದಕ್ಕೆ ‘ಎಸ್’ ಸೇರಬೇಕು: ‘ಮೈ ಫಾದರ್ ಗ್ರೋಸ್ ಟೊಮ್ಯಾಟೋಸ್.’ ಕನ್ನಡದಲ್ಲಿ ಅಪ್ಪ ಒಬ್ಬರೇ ಆದರೂ ಗೌರವಕ್ಕೆ ‘ಬೆಳೆಯುತ್ತಾರೆ’ ಎನ್ನುತ್ತೇವೆ, ಬಹುವಚನವೇ ತಲೆಯಲ್ಲಿ ಕೂತಿರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವದ ಲೆಕ್ಕ ತಿಳಿಯದು, ತಲೆ ಎಣಿಸುತ್ತದೆ ಅಷ್ಟೇ.

‘ಡಸ್’ ಬಂದರೆ ಅದರೊಳಗೇ ‘ಎಸ್’ ಇದೆ, ಮತ್ತೆ ಹಾಕಬಾರದು. ‘ಡಸ್ ಹಿ ಗ್ರೋಸ್’ ತಪ್ಪು, ‘ಡಸ್ ಹಿ ಗ್ರೋ’ ಸರಿ. ‘ಹಿ ಡೋಂಟ್’ ಅಲ್ಲ, ‘ಹಿ ಡಸಂಟ್’.

ಇದನ್ನು ಸಣ್ಣ ವಿಷಯವೆಂದು ದಾಟಬೇಡಿ. ಬಹಳ ಜನ ಐಎನ್‌ಜಿ ಕಡೆ ಓಡುವುದೇ ಈ ‘ಎಸ್’ ಕಾಟ ತಪ್ಪಿಸಿಕೊಳ್ಳಲು. ‘ಈಸ್ ಗ್ರೋಯಿಂಗ್’ ಎಂದರೆ ಎಲ್ಲಿ ‘ಎಸ್’ ಹಾಕಬೇಕೆಂಬ ತಲೆಬಿಸಿ ಇಲ್ಲ. ಮನೆಯಲ್ಲಿರುವ ಒಬ್ಬೊಬ್ಬರ ಬಗ್ಗೆ ಐದೈದು ವಾಕ್ಯ, ‘ಎಸ್’ ಕಿವಿಗೆ ಕೇಳಿಸುವಷ್ಟು ಒತ್ತಿ ಹೇಳಿದರೆ ಆ ಭಯ ಬಿಡುತ್ತದೆ.

ದಿನನಿತ್ಯದ ಕೆಲಸಕ್ಕೆಲ್ಲ ಐಎನ್‌ಜಿ: ‘ಡೈಲಿ ಐ ಆಮ್ ಗೋಯಿಂಗ್’

ಮೂಲ ದೋಷ ಇದು. ಮೊದಲ ಪರೀಕ್ಷೆ ಫೋಟೊ: ಈ ಕ್ಷಣ ಮೊಬೈಲ್ ಎತ್ತಿ ಕ್ಲಿಕ್ಕಿಸಿದರೆ ಆ ಕೆಲಸ ಚಿತ್ರದಲ್ಲಿ ಬೀಳುತ್ತದೆಯೇ? ನೀವು ಮನೆಯಲ್ಲಿ ಕೂತು ‘ಕಾಲೇಜಿಗೆ ಬಸ್ಸಲ್ಲಿ ಹೋಗ್ತಾ ಇದೀನಿ’ ಎಂದರೆ ಫೋಟೊದಲ್ಲಿ ಬಸ್ಸಿಲ್ಲ. ಹಾಗಾದರೆ ‘ಐ ಗೋ ಟು ಕಾಲೇಜ್ ಬೈ ಬಸ್’. ಬಸ್ಸಿನೊಳಗಿಂದಲೇ ಫೋನ್ ಎತ್ತಿದ್ದರೆ ‘ಐ ಆಮ್ ಗೋಯಿಂಗ್ ಟು ಕಾಲೇಜ್’.

ಒಂದೇ ಕ್ರಿಯಾಪದ ಎರಡು ಕಡೆ ಹೇಗೆ ತಿರುಗುತ್ತದೆಂದು ಬಸ್ಸಲ್ಲೇ ನೋಡಿ. ಬೆಂಗಳೂರಿನಿಂದ ತುಮಕೂರಿನ ಕಡೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಪರಊರಿನವರು ‘ಡಸ್ ದಿಸ್ ಬಸ್ ಸ್ಟಾಪ್ ಅಟ್ ಕ್ಯಾತ್ಸಂದ್ರ?’ ಎಂದು ಕೇಳುತ್ತಾರೆ ಎಂದುಕೊಳ್ಳಿ. ಅಲ್ಲಿ ನಿಲುಗಡೆ ಇದೆ ಎನ್ನಲು ‘ಇಟ್ ಸ್ಟಾಪ್ಸ್’ ಎನ್ನಬೇಕು. ‘ಇಟ್ ಈಸ್ ಸ್ಟಾಪಿಂಗ್’ ಎಂದರೆ ಅವರು ಬ್ಯಾಗ್ ಎತ್ತಿಕೊಂಡು ಏಳುತ್ತಾರೆ. ಬಸ್ಸು ಆಗಲೇ ನಿಧಾನವಾಗಿ ಬದಿಗೆ ಬರುತ್ತಿದೆ ಎಂದು ಅದರ ಅರ್ಥ.

ಪ್ರಕೃತಿಯ ನಿಯಮ, ಶಾಶ್ವತ ಸಂಗತಿಗಳಿಗೂ ಸಿಂಪಲ್ಲೇ. ಉತ್ತರ ಪಿನಾಕಿನಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತದೆ. ಬೇಸಗೆಯಲ್ಲಿ ಹೋಗಿ ನೋಡಿದರೆ ಹೊಳೆಯಲ್ಲಿ ಮರಳೇ ಇರಬಹುದು, ಆದರೂ ಅದು ‘ರೈಸಸ್ ಇನ್ ದಿ ನಂದಿ ಹಿಲ್ಸ್’. ನೀರಿಲ್ಲದ್ದು ಇವತ್ತಿನ ಸ್ಥಿತಿ, ಅದಕ್ಕೆ ‘ಇಟ್ ಈಸ್ ನಾಟ್ ಫ್ಲೋಯಿಂಗ್ ನೌ’.

ಶಿಡ್ಲಘಟ್ಟದ ಕಡೆ ಹುಳು ಮನೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮನೆಯಲ್ಲೇ ಇದೆ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ, ಇದು ಎಲ್ಲ ಹುಳುವಿನ ಸ್ವಭಾವ: ‘ಎ ಸಿಲ್ಕ್‌ವರ್ಮ್ ಮೌಲ್ಟ್ಸ್ ಫೋರ್ ಟೈಮ್ಸ್.’ ನಿಮ್ಮ ತಟ್ಟೆಯಲ್ಲಿರುವವು ಈಗ ಸೊಪ್ಪು ಮುಟ್ಟದೆ ತಲೆ ಎತ್ತಿ ಕೂತಿವೆ: ‘ಮೈ ವರ್ಮ್ಸ್ ಆರ್ ಮೌಲ್ಟಿಂಗ್.’ ಗೂಡು ಕಟ್ಟುವ ಚಂದ್ರಿಕೆಗೆ ಹಾಕಿಯಾಗಿ ನೂಲು ಬಿಡುತ್ತಿದ್ದರೆ ‘ದೇ ಆರ್ ಸ್ಪಿನ್ನಿಂಗ್’.

ಟ್ಯೂಷನ್‌ಗಳಲ್ಲಿ ಹೇಳಿಕೊಡುವ ‘ಎವ್ರಿ ಡೇ ಇದ್ದರೆ ಸಿಂಪಲ್, ನೌ ಇದ್ದರೆ ಐಎನ್‌ಜಿ’ ಎಂಬ ಸೂತ್ರ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಸಾಕು, ಮಾತಿಗೆ ಸಾಲದು. ‘ಐ ನೌ ಲಿವ್ ಇನ್ ಗುಬ್ಬಿ’ ಪೂರ್ತಿ ಸರಿ. ‘ನೌ ಐ ಅಂಡರ್‌ಸ್ಟ್ಯಾಂಡ್’ ಸಹ ಸರಿ. ಅಲ್ಲದೆ ನಾವು ಮಾತಾಡುವಾಗ ಇಂಥ ಸುಳಿವಿನ ಪದ ಬಳಸುವುದೇ ಕಡಿಮೆ.

ಫೋಟೊ ಪರೀಕ್ಷೆಗೆ ಬಗ್ಗದ ಕೆಲವು ಜಾಗಗಳಿವೆ. ಕ್ರಿಕೆಟ್ ಕಾಮೆಂಟರಿಯಲ್ಲಿ ಕಣ್ಣೆದುರು ನಡೆಯುವ ಹೊಡೆತಕ್ಕೂ ಸಿಂಪಲ್ ಬರುತ್ತದೆ. ಹೇಳುವುದರಿಂದಲೇ ಆಗಿಹೋಗುವ ಕೆಲಸಗಳೂ ಹಾಗೆಯೇ: ‘ಐ ಪ್ರಾಮಿಸ್’, ‘ಐ ರಿಕ್ವೆಸ್ಟ್ ಯು’. ರಜೆ ಅರ್ಜಿಯಲ್ಲಿ ‘ಐ ಆಮ್ ರಿಕ್ವೆಸ್ಟಿಂಗ್ ಯು’ ಬೇಡ. ಅದೇ ಅರ್ಜಿಯಲ್ಲಿ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಮಾತ್ರ ಸರಿಯಾದದ್ದೇ, ತಿದ್ದಲು ಹೋಗಬೇಡಿ.

‘ಐ ಆಮ್ ಹ್ಯಾವಿಂಗ್’, ‘ಐ ಆಮ್ ನೋಯಿಂಗ್’, ‘ಐ ಆಮ್ ನಾಟ್ ಹಿಯರಿಂಗ್ ಯು’

ಗೊತ್ತಿರುವುದು, ಬೇಕಾಗಿರುವುದು, ಇಷ್ಟ, ನೆನಪು, ಒಡೆತನ ಇವೆಲ್ಲ ಕೆಲಸಗಳಲ್ಲ, ಸ್ಥಿತಿಗಳು. ಸ್ಥಿತಿಗೆ ಐಎನ್‌ಜಿ ಹತ್ತುವುದಿಲ್ಲ. ಈ ಕ್ರಿಯಾಪದಗಳ ಉದ್ದನೆಯ ಪಟ್ಟಿ ಎಲ್ಲ ವ್ಯಾಕರಣ ಪುಸ್ತಕಗಳಲ್ಲೂ ಇರುತ್ತದೆ, ಉರು ಹೊಡೆದರೆ ವಾರದಲ್ಲಿ ಮರೆಯುತ್ತದೆ. ಕನ್ನಡಿಗರಿಗೆ ಇದಕ್ಕೊಂದು ಹತ್ತಿರದ ದಾರಿ ಇದೆ: ಕನ್ನಡ ವಾಕ್ಯ ‘ನಾನು’ ಎಂದು ಶುರುವಾಗುತ್ತದೆಯೋ ‘ನನಗೆ’ ಎಂದೋ ನೋಡಿ. ‘ನನಗೆ’ ಆದರೆ ಬಹುಮಟ್ಟಿಗೆ ಸಿಂಪಲ್.

ನನಗೆ ಗೊತ್ತು, ‘ಐ ನೋ’. ನನಗೆ ಬೇಕು, ‘ಐ ವಾಂಟ್’. ನನಗೆ ಇಷ್ಟ, ‘ಐ ಲೈಕ್’. ನನಗೆ ನೆನಪಿದೆ, ‘ಐ ರಿಮೆಂಬರ್’. ನನಗೆ ಇಬ್ಬರು ತಂಗಿಯರಿದ್ದಾರೆ, ‘ಐ ಹ್ಯಾವ್ ಟೂ ಸಿಸ್ಟರ್ಸ್’. ಕನ್ನಡದಲ್ಲಿ ‘ತಾ ಇದೆ’ ಎಂಬ ಬಾಲ ಇದ್ದರೂ ‘ನನಗೆ’ಯೇ ಗೆಲ್ಲುತ್ತದೆ: ನನಗೆ ಅರ್ಥ ಆಗ್ತಾ ಇದೆ, ‘ಐ ಅಂಡರ್‌ಸ್ಟ್ಯಾಂಡ್’. ಸಿಗ್ನಲ್ ಸಿಗದ ಕಡೆ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ‘ನನಗೆ ಕೇಳಿಸ್ತಾ ಇಲ್ಲ’ ಎಂಬುದಕ್ಕೆ ‘ಐ ಕಾಂಟ್ ಹಿಯರ್ ಯು’.

ಈ ಪರೀಕ್ಷೆ ಎಲ್ಲಿ ಕೈಕೊಡುತ್ತದೆ? ‘ನನಗೆ ಕೆಮ್ಮು ಬರ್ತಾ ಇದೆ’ ಎಂಬುದಕ್ಕೆ ‘ಐ ಆಮ್ ಕಾಫಿಂಗ್’ ಎನ್ನಬೇಕು, ಏಕೆಂದರೆ ಇಂಗ್ಲಿಷ್‌ನಲ್ಲಿ ಅದು ಕೆಲಸ. ‘ನನಗೆ ಹಸಿವಾಗ್ತಿದೆ’ ಎಂಬಲ್ಲಿ ‘ಆಮ್’ ಬಿಟ್ಟು ಬೇರೆ ಕ್ರಿಯಾಪದ ಬೇಡ, ‘ಐ ಆಮ್ ಹಂಗ್ರಿ’. ‘ನನಗೆ’ ಇಲ್ಲದೆಯೂ ಸ್ಥಿತಿಯಾಗಿರುವ ಕೆಲವನ್ನು ಬೇರೆಯಾಗಿ ನೆನಪಿಡಬೇಕು: ಬಿಲಾಂಗ್, ಓನ್, ಕಾಸ್ಟ್, ಕಂಟೇನ್, ಡಿಪೆಂಡ್, ಬಿಲೀವ್, ಮೀನ್. ‘ಇಟ್ ಈಸ್ ಡಿಪೆಂಡಿಂಗ್ ಆನ್ ರೇನ್’ ಅಲ್ಲ, ‘ಇಟ್ ಡಿಪೆಂಡ್ಸ್ ಆನ್ ರೇನ್’.

ಇನ್ನು ಎರಡು ಮುಖದ ಕ್ರಿಯಾಪದಗಳು. ಕೋಲಾರದ ಟೊಮೆಟೊ ಮಂಡಿಯಲ್ಲಿ ‘ವೇಯ್’ ಪದವನ್ನು ಗಮನಿಸಿ. ಹಮಾಲಿ ಕ್ರೇಟ್ ಎತ್ತಿ ತೂಕದ ಯಂತ್ರದ ಮೇಲಿಟ್ಟು ನೋಡುತ್ತಿದ್ದಾನೆ: ‘ಹಿ ಈಸ್ ವೇಯಿಂಗ್ ದಿ ಕ್ರೇಟ್.’ ಅವನದು ಕೆಲಸ, ಫೋಟೊಗೆ ಸಿಗುತ್ತದೆ. ಕ್ರೇಟ್ 15 ಕೆಜಿ ತೂಗುತ್ತದೆ: ‘ದಿ ಕ್ರೇಟ್ ವೇಯ್ಸ್ ಫಿಫ್ಟೀನ್ ಕೇಜಿ.’ ಕ್ರೇಟ್ ಏನೂ ಮಾಡುತ್ತಿಲ್ಲ, ಸುಮ್ಮನೆ ಕೂತಿದೆ. ‘ಹ್ಯಾವ್’ ಕೂಡ ಹೀಗೆಯೇ: ಒಡೆತನವಾದರೆ ‘ವಿ ಹ್ಯಾವ್ ಟೂ ಏಕರ್ಸ್’, ತಿನ್ನುವುದಾದರೆ ‘ವಿ ಆರ್ ಹ್ಯಾವಿಂಗ್ ಲಂಚ್’. ‘ಥಿಂಕ್’ ಎಂದರೆ ಅಭಿಪ್ರಾಯವಾದಾಗ ‘ಐ ಥಿಂಕ್ ಹಿ ಈಸ್ ರೈಟ್’, ಯೋಚನೆ ನಡೆಯುತ್ತಿದ್ದಾಗ ‘ಐ ಆಮ್ ಥಿಂಕಿಂಗ್’. ಟೇಸ್ಟ್ ಮತ್ತು ಸ್ಮೆಲ್ ಇದೇ ಸಾಲಿಗೆ ಸೇರುತ್ತವೆ.

ಎರಡೂ ಸರಿ ಅನ್ನಿಸಿ ಗೊಂದಲವಾಗುತ್ತದೆ: ‘ಐ ವರ್ಕ್’ ಅಥವಾ ‘ಐ ಆಮ್ ವರ್ಕಿಂಗ್’

ಎರಡೂ ಸರಿಯಿರಬಹುದು, ಆದರೆ ಹೇಳುವ ಸಂಗತಿ ಬೇರೆ. ಇಲ್ಲಿ ಫೋಟೊ ಬಿಟ್ಟು ‘ಇದಕ್ಕೆ ಮುಗಿಯುವ ದಿನ ಇದೆಯೇ?’ ಎಂದು ಕೇಳಿಕೊಳ್ಳಿ. ಕಾಯಂ ಉದ್ಯೋಗವಾದರೆ ‘ಐ ವರ್ಕ್ ಇನ್ ನರಸಾಪುರ’. ಆರು ತಿಂಗಳ ಅಪ್ರೆಂಟಿಸ್ ಆದರೆ, ರಾತ್ರಿ ಮನೆಯಲ್ಲಿ ಕೂತು ಹೇಳಿದರೂ, ‘ಐ ಆಮ್ ವರ್ಕಿಂಗ್ ಇನ್ ನರಸಾಪುರ’. ಸ್ವಂತ ಊರು ಮಧುಗಿರಿ: ‘ಮೈ ಪೇರೆಂಟ್ಸ್ ಲಿವ್ ಇನ್ ಮಧುಗಿರಿ’. ಪರೀಕ್ಷೆ ಮುಗಿಯುವವರೆಗೆ ಅಕ್ಕನ ಮನೆ: ‘ಐ ಆಮ್ ಸ್ಟೇಯಿಂಗ್ ವಿತ್ ಮೈ ಸಿಸ್ಟರ್’.

ಕಾಯಂ ಕೆಲಸದಲ್ಲಿರುವವರು ಸಂದರ್ಶನದಲ್ಲಿ ‘ಐ ಆಮ್ ವರ್ಕಿಂಗ್’ ಎಂದರೆ ಯಾರೂ ತಪ್ಪೆನ್ನುವುದಿಲ್ಲ. ಹೆಚ್ಚೆಂದರೆ ‘ಈಸ್ ಇಟ್ ಟೆಂಪರರಿ?’ ಎಂಬ ಇನ್ನೊಂದು ಪ್ರಶ್ನೆ ಬರಬಹುದು. ಮೊಬೈಲಿನ ಗ್ರಾಮರ್ ಚೆಕ್ಕರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಎರಡೂ ವಾಕ್ಯ ವ್ಯಾಕರಣಬದ್ಧ, ನಿಮ್ಮ ಕೆಲಸ ಕಾಯಮ್ಮೋ ಅಲ್ಲವೋ ಅದಕ್ಕೇನು ಗೊತ್ತು.

ಕೇಳಿದ್ದೊಂದು, ಉತ್ತರ ಇನ್ನೊಂದು

‘ವಾಟ್ ಡು ಯು ಡು?’ ಎಂದರೆ ಉದ್ಯೋಗ ಏನು ಎಂದು. ‘ವಾಟ್ ಆರ್ ಯು ಡೂಯಿಂಗ್?’ ಎಂದರೆ ಈಗ, ಅಥವಾ ಈಚೆಗೆ, ಏನು ನಡೆದಿದೆ ಎಂದು. ಡಿಗ್ರಿ ಮುಗಿಸಿದವರಿಗೆ ಎರಡನೆಯದನ್ನು ಕೇಳಿದರೆ ‘ಐ ಆಮ್ ಪ್ರಿಪೇರಿಂಗ್ ಫಾರ್ ಎಕ್ಸಾಮ್ಸ್’ ಒಳ್ಳೆಯ ಉತ್ತರ. ‘ವಾಟ್ ಡಸ್ ಯುವರ್ ಫಾದರ್ ಡು?’ ಎಂದಾಗ ‘ಡೂಯಿಂಗ್ ಅಗ್ರಿಕಲ್ಚರ್’ ಬೇಡ. ‘ಹಿ ಈಸ್ ಎ ಫಾರ್ಮರ್. ಹಿ ಗ್ರೋಸ್ ರಾಗಿ ಅಂಡ್ ಟೊಮ್ಯಾಟೋಸ್.’ ಕೇಳಿದವರು ಯಾವ ರೂಪದಲ್ಲಿ ಕೇಳಿದರೋ ಅದೇ ರೂಪದಲ್ಲಿ ಮರಳಿಸಿದರೆ ಹೆಚ್ಚಿನ ಸಲ ಪಾರಾಗಬಹುದು.

ನಾಳೆಯ ಮಾತಿಗೆ ಬಂದರೆ ಗೊಂದಲ

‘ನಾಳೆ ಬರ್ತೀನಿ’ ಎಂಬುದನ್ನು ‘ಟುಮಾರೋ ಐ ಕಮ್’ ಎನ್ನುವುದು ನಮ್ಮ ‘ಬರ್ತೀನಿ’ಯ ಪ್ರಭಾವ. ಮೊದಲೇ ಗೊತ್ತುಮಾಡಿಕೊಂಡದ್ದಾದರೆ ‘ಐ ಆಮ್ ಕಮಿಂಗ್ ಟುಮಾರೋ’, ಈಗಷ್ಟೇ ಮನಸ್ಸು ಮಾಡಿದ್ದಾದರೆ ‘ಐ ವಿಲ್ ಕಮ್’. ಮುಂದಿನದಕ್ಕೆ ಸಿಂಪಲ್ ಬರುವುದು ವೇಳಾಪಟ್ಟಿಯ ಮಾತಿಗೆ: ‘ದಿ ಟ್ರೇನ್ ಲೀವ್ಸ್ ಬಂಗಾರಪೇಟೆ ಅಟ್ ಸಿಕ್ಸ್’. ವೆನ್, ಇಫ್ ಇದ್ದ ಭಾಗದಲ್ಲೂ ಅದೇ ಬರುತ್ತದೆ: ‘ವೆನ್ ಐ ರೀಚ್ ತುಮಕೂರು, ಐ ವಿಲ್ ಕಾಲ್ ಯು.’

ಕಾಯುತ್ತಿರುವವರಿಗೆ ಹೇಳುವ ‘ಬಂದೆ ಬಂದೆ’ ಕನ್ನಡದಲ್ಲಿ ಭೂತಕಾಲ, ಇಂಗ್ಲಿಷ್‌ನಲ್ಲಿ ‘ಐ ಆಮ್ ಕಮಿಂಗ್’. ಇನ್ನೂ ಸ್ನಾನವೇ ಆಗಿಲ್ಲದಿದ್ದರೂ ಹಾಗೆನ್ನುವ ರೂಢಿ ಎರಡೂ ಭಾಷೆಯಲ್ಲಿದೆ.

ವಾಕ್ಯ ಸರಿ, ಆದರೆ ಎದುರಿನವರ ಮುಖ ಗಂಟಾಗುತ್ತದೆ

‘ಆಲ್ವೇಸ್’ ಜೊತೆ ಐಎನ್‌ಜಿ ಬಂದರೆ ಅದು ಬಹುತೇಕ ದೂರು. ಸೂಪರ್‌ವೈಸರ್‌ಗೆ ‘ಯು ಆಲ್ವೇಸ್ ಚೇಂಜ್ ದಿ ಶಿಫ್ಟ್ ಆನ್ ಮಂಡೇ’ ಎಂದರೆ ಮಾಹಿತಿ, ‘ಯು ಆರ್ ಆಲ್ವೇಸ್ ಚೇಂಜಿಂಗ್ ದಿ ಶಿಫ್ಟ್’ ಎಂದರೆ ಜಗಳ. ‘ಹಿ ಈಸ್ ರೂಡ್’ ಎಂದರೆ ಅವನ ಗುಣವೇ ಒರಟು, ‘ಹಿ ಈಸ್ ಬೀಯಿಂಗ್ ರೂಡ್’ ಎಂದರೆ ಈಗ ಹಾಗೆ ಆಡುತ್ತಿದ್ದಾನೆ. ಈಮೇಲ್ ಕಳಿಸುವ ಮುಂಚೆ ಈ ಎರಡು ಜಾಗ ನೋಡಿಕೊಳ್ಳಿ.

ಎಚ್ಚರಿಕೆ: ಇಲ್ಲಿ ತಪ್ಪಿದರೆ ಹೋಗುವುದು ಅಂಕ ಮಾತ್ರವಲ್ಲ

ಕಾರ್ಖಾನೆಯ ಶಿಫ್ಟ್ ರಿಪೋರ್ಟ್‌ನಲ್ಲಿ ‘ದಿ ವಾಲ್ವ್ ಲೀಕ್ಸ್’ ಎಂದು ಬರೆದರೆ ಅದು ಆಗಾಗ ಸೋರುವ ಹಳೇ ವಾಲ್ವ್, ನೋಡೋಣ ಬಿಡಿ ಎಂದಾಗಬಹುದು. ‘ದಿ ವಾಲ್ವ್ ಈಸ್ ಲೀಕಿಂಗ್’ ಎಂದರೆ ಈಗ ಸೋರುತ್ತಿದೆ, ಬನ್ನಿ. ಯಂತ್ರದ ಸದ್ದು, ಬಿಸಿ, ಹೊಗೆ ಎಲ್ಲಕ್ಕೂ ಇದೇ ವ್ಯತ್ಯಾಸ. ಗ್ಯಾಸ್ ವಾಸನೆ ಬರುವಾಗ ಮಾತ್ರ ಯಾವ ಪರೀಕ್ಷೆಯೂ ಬೇಡ, ಕನ್ನಡದಲ್ಲೇ ಕೂಗಿ ಹೊರಗೆ ನಡೆಯಿರಿ.

ಡಾಕ್ಟರ ಮುಂದೆ ‘ಐ ಟೇಕ್ ಬಿಪಿ ಟ್ಯಾಬ್ಲೆಟ್ಸ್’ ಎಂದರೆ ಕಾಯಂ ಔಷಧಿ. ‘ಐ ಆಮ್ ಟೇಕಿಂಗ್ ಆಂಟಿಬಯಾಟಿಕ್ಸ್’ ಎಂದರೆ ಸದ್ಯಕ್ಕೆ ನಡೆಯುತ್ತಿರುವ ಕೋರ್ಸ್. ಇಂಗ್ಲಿಷ್ ಮೇಲೆ ಭರವಸೆ ಇಲ್ಲದಿದ್ದರೆ ಮಾತ್ರೆಯ ಚೀಟಿಯನ್ನೇ ಮುಂದಿಡಿ, ಎಷ್ಟು ದಿನದಿಂದ ಎಂಬುದನ್ನು ಕನ್ನಡದಲ್ಲಿ ಹೇಳಿ.

ಇಲ್ಲಿ ನಿಲ್ಲಿಸಿ

ನಿಮ್ಮ ಕನ್ನಡ ವಾಕ್ಯದಲ್ಲಿ ‘ವರ್ಷದಿಂದ’, ‘ಬೆಳಗ್ಗೆಯಿಂದ’, ‘2019ರಿಂದ’ ಎಂಬ ‘ಇಂದ’ ಇದ್ದರೆ ಈ ಕೈಪಿಡಿಯ ಎರಡು ರೂಪವೂ ಒಗ್ಗುವುದಿಲ್ಲ. ‘ಐ ವರ್ಕ್ ಹಿಯರ್ ಸಿನ್ಸ್ 2019’ ತಪ್ಪು, ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019’ ಕೂಡ ತಪ್ಪು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019’ ಎನ್ನಬೇಕು. ಸ್ಥಿತಿಯಾದರೆ ಅಲ್ಲೂ ಐಎನ್‌ಜಿ ಇಲ್ಲ: ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ಇದು ಪರ್ಫೆಕ್ಟ್ ಟೆನ್ಸ್‌ನ ಪ್ರದೇಶ. ಈ ಎರಡರ ರಿಪೇರಿ ಮುಗಿಯುವವರೆಗೆ ಅಲ್ಲಿ ಕೈ ಹಾಕಬೇಡಿ, ಮೂರೂ ಕಲಸಿಕೊಳ್ಳುತ್ತವೆ.

ತಿಂಗಳು ಬಿಟ್ಟು ಮೊದಲಿನ ಎರಡೂ ರೆಕಾರ್ಡಿಂಗ್ ಮತ್ತೆ ಮಾಡಿ, ಹಳೆಯದರ ಪಕ್ಕ ಇಟ್ಟು ಕೇಳಿ. ತಪ್ಪು ಮಾತಿನಲ್ಲಿ ಮಾತ್ರ ಉಳಿದಿದ್ದರೆ ಅಭ್ಯಾಸ ಮುಂದುವರಿಸಿದರೆ ಸಾಕು. ಬರವಣಿಗೆಯಲ್ಲೂ ಹಾಗೇ ಇದ್ದರೆ ಇಂಗ್ಲಿಷ್ ಮೇಷ್ಟ್ರ ಹತ್ತಿರ ಹೋಗಿ, ಆದರೆ ‘ರೂಲ್ಸ್ ಹೇಳಿಕೊಡಿ ಸರ್’ ಎನ್ನಬೇಡಿ. ನೀವೇ ಬರೆದ ಹದಿನೈದು ಸಾಲು ಕೈಯಲ್ಲಿ ಹಿಡಿದು, ಪ್ರತಿ ಸಾಲಿನ ಕೆಳಗೆ ನಿಮ್ಮ ತಲೆಯಲ್ಲಿದ್ದ ಕನ್ನಡ ವಾಕ್ಯವನ್ನೂ ಬರೆದುಕೊಂಡು ಹೋಗಿ. ಯಾವ ಕನ್ನಡ ಬಾಲ ಯಾವ ಇಂಗ್ಲಿಷ್ ತಪ್ಪಾಗುತ್ತಿದೆ ಎಂಬುದು ಅವರಿಗೆ ಎರಡು ನಿಮಿಷದಲ್ಲಿ ಕಾಣುತ್ತದೆ.